ಮೆಚ್ಚಿನ ಬಾಕ್ಸ್‌ಕಾರನ್ನು ಹಳಿಗೂ ಕಣ್ಣಿಗೂ ಒಪ್ಪಿಸುವ ಬಗೆ

ನಾಲ್ಕು ಗೋಡೆ, ಒಂದು ಸೂರು, ಎರಡೂ ಬದಿಗೆ ಸರಿಯುವ ಬಾಗಿಲು. ಸರಕು ಸಾಗಿಸುವ ರೈಲುಡಬ್ಬಿಯಾದ ಬಾಕ್ಸ್‌ಕಾರ್ ಅಂದರೆ ಇಷ್ಟೇ. ಆದರೂ ಉತ್ತರ ಅಮೆರಿಕದ ರೈಲುಗಳನ್ನು ಮಾದರಿಯಲ್ಲಿ ಕಟ್ಟುವವರಿಗೆ ಇದರಷ್ಟು ಹಚ್ಚಿಕೊಳ್ಳುವ ವಸ್ತು ಇನ್ನೊಂದಿಲ್ಲ. ಆ ಅಗಲವಾದ ಬದಿಗೋಡೆಯ ಮೇಲೆ ರೈಲ್ವೆ ಕಂಪನಿ ತನ್ನ ಬಣ್ಣ, ಲಾಂಛನ, ಘೋಷಣೆ ಎಲ್ಲವನ್ನೂ ಬರೆಯುತ್ತಿತ್ತು. ಬ್ಯಾಂಗರ್ ಅಂಡ್ ಅರೂಸ್ಟೂಕ್‌ನ ಕೆಂಪು-ಬಿಳಿ-ನೀಲಿ ಪಟ್ಟೆಗಳು, ವೆಸ್ಟರ್ನ್ ಪೆಸಿಫಿಕ್‌ನ ಉದ್ದನೆಯ ಗರಿ, ನ್ಯೂಯಾರ್ಕ್ ಸೆಂಟ್ರಲ್‌ನ ಜೇಡ್ ಹಸಿರು, ರೈಲ್‌ಬಾಕ್ಸ್‌ನ ಕಪ್ಪು ಬಾಗಿಲಿನ ಹಳದಿ ಕಾರು: ಒಬ್ಬೊಬ್ಬರ ಮನಸ್ಸು ಒಂದೊಂದಕ್ಕೆ ಒಲಿಯುತ್ತದೆ.

ಹೀಗೆ ಮನಸ್ಸು ಒಲಿದ ಕಾರನ್ನು ನಾಲ್ಕು ಜನರ ಮುಂದಿಡುವ ಮೊದಲು ಏನೇನು ಮಾಡಬೇಕು ಎಂಬುದು ಈ ಬರಹದ ವಿಷಯ. ಕೆಲಸದ ಅನುಕ್ರಮವೇ ಇಲ್ಲಿ ಮುಖ್ಯ. ಮೊದಲು ಇಸವಿ, ಆಮೇಲೆ ಓಟ, ಕೊನೆಗೆ ಬಣ್ಣ. ಬಹಳಷ್ಟು ಜನ ಇದನ್ನು ತಿರುವುಮುರುವು ಮಾಡುತ್ತಾರೆ. ಚೆಂದವಾಗಿ ಮಾಸಲು ಬಣ್ಣ ಬಳಿದ ಕಾರು ಮೊದಲ ಕವಲಿನಲ್ಲೇ ಹಳಿ ತಪ್ಪುತ್ತದೆ. ಅದನ್ನು ತಲೆಕೆಳಗೆ ಮಾಡಿ ಚಕ್ರ ಬದಲಿಸುವಾಗ ಹಚ್ಚಿದ ಪುಡಿಬಣ್ಣವೆಲ್ಲ ಬೆರಳಿಗೆ ಬರುತ್ತದೆ. ಕೊಡುವ ಅಳತೆಗಳೆಲ್ಲ 1:87 ಅನುಪಾತದ ಎಚ್‌ಓ ಮಾದರಿಗೆ ಸಂಬಂಧಿಸಿದವು. ಇದರಲ್ಲಿ ನಿಜವಾದ ಒಂದು ಅಡಿ ಅಂದರೆ 3.5 ಮಿ.ಮೀ., ಹಳಿಯ ಅಗಲ 16.5 ಮಿ.ಮೀ. 1:160ರ ಎನ್ ಮಾದರಿಗೆ ಬೇರೆ ಲೆಕ್ಕ ಬೇಕಾದ ಕಡೆ ಅದನ್ನೂ ಹೇಳಿದೆ.

ಮೊದಲು ಇಸವಿ

ನಿಮ್ಮ ರೈಲು ಯಾವ ವರ್ಷದಲ್ಲಿ ಓಡುತ್ತಿದೆ ಎಂದು ನಿಶ್ಚಯಿಸಿ. 'ಐವತ್ತರ ದಶಕ' ಅಂದರೆ ಸಾಲದು. 1953 ಅಥವಾ 1957 ಎಂದು ಒಂದೇ ವರ್ಷ ಹಿಡಿಯಿರಿ. ಕಾರಿನ ಪ್ರತಿ ಭಾಗಕ್ಕೂ ಹುಟ್ಟಿದ ಮತ್ತು ನಿಷೇಧವಾದ ದಿನಾಂಕಗಳಿವೆ. ಒಂದು ತಪ್ಪಿದರೂ ತಿಳಿದವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಮೊದಲ ಮಹಾಯುದ್ಧದ ಕಾಲದಲ್ಲಿ ರೈಲುಗಳನ್ನು ಸರ್ಕಾರವೇ ನಡೆಸುತ್ತಿದ್ದಾಗ, 1918ರಲ್ಲಿ, ಆ ಸರ್ಕಾರಿ ರೈಲು ಆಡಳಿತವಾದ ಯುಎಸ್‌ಆರ್‌ಎ ವಿನ್ಯಾಸದ ಮರದ ಹಲಗೆಯ ಕಾರುಗಳು ಬಂದವು. ಹಲಗೆಯ ಹೊರಗೆ ಉಕ್ಕಿನ ಕಂಬಗಳು ಕಾಣುವ ಬಗೆ ಒಂದು, ಪೂರ್ತಿ ಹಲಗೆ ಹೊದ್ದ ಬಗೆ ಇನ್ನೊಂದು. ಪೆನ್ಸಿಲ್ವೇನಿಯಾ ರೈಲ್‌ರೋಡ್‌ನ ಎಕ್ಸ್29 ಇಪ್ಪತ್ತರ ದಶಕದ ಉಕ್ಕಿನ ಕಾರು. ಎತ್ತರ ಕಡಿಮೆ, ಆದ್ದರಿಂದ ಬೇರೆ ಕಾರುಗಳ ಪಕ್ಕದಲ್ಲಿ ಕುಳ್ಳಗೆ ಕಾಣುತ್ತದೆ. ರೈಲಿನ ಮೇಲ್ಗೆರೆಯಲ್ಲಿ ಇಂಥ ಏರಿಳಿತ ಇರಲೇಬೇಕು. ಅಮೆರಿಕದ ರೈಲ್ವೆಗಳ ಒಕ್ಕೂಟವಾದ ಎಎಆರ್‌ನ 1937ರ ವಿನ್ಯಾಸದ ಕಾರಿನ ಒಳ ಎತ್ತರ 10 ಅಡಿ. ಆಮೇಲಿನ ವರ್ಷಗಳಲ್ಲಿ 10 ಅಡಿ 6 ಇಂಚಿನದು ಸಾಮಾನ್ಯವಾಯಿತು. 1947ರಲ್ಲಿ ಪುಲ್‌ಮನ್-ಸ್ಟ್ಯಾಂಡರ್ಡ್ ಕಂಪನಿಯ ಪಿಎಸ್-1 ಬಂತು. ಮುಂದಿನ ವರ್ಷಗಳಲ್ಲಿ ಇದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು. ಸೂರಿನ ತಗಡಿನ ಮೇಲೆ ಬೋ-ಟೈ ಆಕಾರದ ಉಬ್ಬು ಕಂಡರೆ ಅದು ಪಿಎಸ್-1 ಎಂದು ಗುರುತಿಸಬಹುದು. 1953ರ ರೈಲು ಕಟ್ಟುವವರು ಒಂದೇ ಒಂದು ಕಾರನ್ನು ಆರಿಸಬೇಕಾದರೆ ಪಿಎಸ್-1ನ್ನೇ ಆರಿಸಲಿ. ಅದು ಹೋಗದ ರೈಲ್ವೆ ಇರಲಿಲ್ಲ ಎನ್ನುವಷ್ಟು ಎಲ್ಲೆಡೆ ಓಡಾಡಿತು.

ಭಾಗಗಳ ಲೆಕ್ಕ ಹೀಗೆ. ಪಟ್ಟಿಗಳನ್ನು ಬೋಲ್ಟ್‌ನಿಂದ ಜೋಡಿಸಿದ ಆರ್ಚ್‌ಬಾರ್ ಟ್ರಕ್‌ಗಳು 1940ರ ಆಸುಪಾಸಿನಲ್ಲಿ, ಒಂದು ರೈಲ್ವೆಯಿಂದ ಇನ್ನೊಂದಕ್ಕೆ ದಾಟುವ ಕಾರುಗಳಲ್ಲಿ ನಿಷಿದ್ಧವಾದವು. ಟ್ರಕ್ ಅಂದರೆ ಕಾರಿನ ಅಡಿಯಲ್ಲಿ ತಿರುಗುವ ನಾಲ್ಕು ಚಕ್ರದ ಚೌಕಟ್ಟು. ಹೊಸ ಕಾರುಗಳಿಗೆ 1933ರಿಂದ ಎಬಿ ಬ್ರೇಕ್ ಕಡ್ಡಾಯ. ಹಳೆಯ ಕೆ ಬ್ರೇಕ್ 1953ರಲ್ಲಿ ಅಂತರ-ರೈಲ್ವೆ ಸಂಚಾರದಿಂದ ಹೊರಬಿತ್ತು. ಇವೆರಡನ್ನು ಗುರುತಿಸುವುದು ಸುಲಭ. ಕೆ ಬ್ರೇಕ್ ಸಾಮಾನ್ಯವಾಗಿ ಸಿಲಿಂಡರ್ ಮತ್ತು ಗಾಳಿತೊಟ್ಟಿ ಒಂದಕ್ಕೊಂದು ಅಂಟಿದ ಒಂದೇ ತುಂಡು. ಎಬಿಯಲ್ಲಿ ಸಿಲಿಂಡರ್, ತೊಟ್ಟಿ, ಕವಾಟ ಮೂರೂ ಬೇರೆ ಬೇರೆ.

ಸೂರಿನ ಮೇಲಿನ ನಡೆಹಲಗೆಯೇ ಅತಿ ಹೆಚ್ಚು ಜನ ಎಡವುವ ಜಾಗ. 1966ರಿಂದ ಹೊಸ ಬಾಕ್ಸ್‌ಕಾರ್‌ಗಳಿಗೆ ಅದು ಇಲ್ಲ. ಹಳೆಯ ಕಾರುಗಳಿಂದ ತೆಗೆಯುವ ಕೆಲಸ ಎಪ್ಪತ್ತರ ದಶಕದುದ್ದಕ್ಕೂ ನಿಧಾನವಾಗಿ ನಡೆಯಿತು. ಆದ್ದರಿಂದ 1972ರ ರೈಲಿನಲ್ಲಿ ಹಲಗೆ ಇರುವ ಕಾರು, ತೆಗೆದ ಕಾರು, ಹುಟ್ಟಿನಿಂದಲೇ ಇಲ್ಲದ ಕಾರು ಮೂರೂ ಕೂಡಿ ಹೋಗಬೇಕು. ಹಲಗೆ ತೆಗೆಯುವಾಗ ಏಣಿಗಳನ್ನೂ ಮೊಟಕುಗೊಳಿಸಿ. ಕೈಬ್ರೇಕಿನ ಚಕ್ರ ಎತ್ತರದಲ್ಲೇ ಉಳಿದಿದ್ದರೆ ಮಾತ್ರ ಅದರ ಪಕ್ಕದ ಏಣಿ ಪೂರ್ತಿ ಇರಲಿ. ಹಲಗೆ ಕಿತ್ತ ಮೇಲೆ ಅದನ್ನು ಹೊತ್ತಿದ್ದ ಸಣ್ಣ ಆಧಾರಗಳು ಸೂರಿನಲ್ಲಿ ಉಳಿಯುತ್ತಿದ್ದವು. ಅವನ್ನು ಬಿಟ್ಟರೆ ಮಾದರಿ ಇನ್ನಷ್ಟು ನಿಜವಾಗುತ್ತದೆ.

ಎಪ್ಪತ್ತರ ದಶಕದವರಿಗೆ ಇನ್ನೂ ಎರಡು ಗುರುತುಗಳಿವೆ. ಕಾರಿನ ಗುರುತನ್ನು ಯಂತ್ರ ಓದಲೆಂದು ಹಚ್ಚಿದ, ಬಣ್ಣಬಣ್ಣದ ಅಡ್ಡಪಟ್ಟಿಗಳ ಎಸಿಐ ಫಲಕ 1967ರಲ್ಲಿ ಬಂತು, 1977ರಲ್ಲಿ ಆ ವ್ಯವಸ್ಥೆಯನ್ನೇ ಕೈಬಿಟ್ಟರು. ಫಲಕಗಳು ಮಾತ್ರ ಮರುಬಣ್ಣ ಬೀಳುವವರೆಗೆ ಕೊಳೆ ಮೆತ್ತಿಕೊಂಡು ಉಳಿದವು. 1978ರಲ್ಲಿ ಒಂದು ಬಗೆಯ 33 ಇಂಚಿನ ಚಕ್ರದ ಮೇಲೆ ಅನುಮಾನ ಬಂದು ಕಾರುಗಳನ್ನೆಲ್ಲ ತಪಾಸಣೆ ಮಾಡಿದರು. ಸರಿಯಿದ್ದವಕ್ಕೆ ಕಪ್ಪು ಚೌಕದೊಳಗೆ ಹಳದಿ ಚುಕ್ಕೆ, ಅನುಮಾನದ ಚಕ್ರ ಇದ್ದವಕ್ಕೆ ಬಿಳಿ ಚುಕ್ಕೆ. 1979ರ ರೈಲಿನಲ್ಲಿ ಹೆಚ್ಚಿನ ಕಾರುಗಳಿಗೆ ಹಳದಿ ಚುಕ್ಕೆ ಬೇಕು. 1976ರ ರೈಲಿನಲ್ಲಿ ಒಂದಕ್ಕೂ ಇರಬಾರದು. ರೈಲ್‌ಬಾಕ್ಸ್ ಹುಟ್ಟಿದ್ದು 1974ರಲ್ಲಿ. ಅದಕ್ಕೂ ಹಿಂದಿನ ವರ್ಷದ ರೈಲಿಗೆ ಆ ಹಳದಿ ಕಾರು ಎಷ್ಟೇ ಮೆಚ್ಚಾದರೂ ಸೇರದು.

ಕೊಳ್ಳುವ ಮೊದಲು ಕಾರಿನ ಬದಿಯಲ್ಲಿ ಅಚ್ಚಾದ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ಓದಿ. ಬಿಎಲ್‌ಟಿ ಅಥವಾ ನ್ಯೂ ಎಂಬುದರ ಪಕ್ಕ ಕಟ್ಟಿದ ತಿಂಗಳು-ವರ್ಷ ಇರುತ್ತದೆ. ಎಲ್‌ಟಿ ಡಬ್ಲ್ಯೂಟಿ ಅಂದರೆ ಖಾಲಿ ತೂಕ, ಅದರ ಪಕ್ಕದಲ್ಲಿರುವುದು ತೂಗಿದ ದಿನಾಂಕ. ಕಾರುಗಳನ್ನು ಕೆಲವು ವರ್ಷಗಳಿಗೊಮ್ಮೆ ಮರಳಿ ತೂಗಿ ಹೊಸ ಅಂಕಿ ಬರೆಯುತ್ತಿದ್ದರು. ಹಾಗಾಗಿ 1948ರಲ್ಲಿ ಕಟ್ಟಿದ ಕಾರು 1957ರ ರೈಲಿನಲ್ಲಿದ್ದು ಅದರ ಮೇಲೆ 1948ರ ತೂಕದ ದಿನಾಂಕವೇ ಇದ್ದರೆ ಅದು ತಪ್ಪು. ಸರಿಪಡಿಸುವ ಬಗೆಯನ್ನು ಮುಂದೆ ಹೇಳಿದೆ.

ಚಕ್ರ ಮತ್ತು ಟ್ರಕ್

ಕಾರಿನ ಜೊತೆಗೆ ಬಂದ ಚಕ್ರಗಳು ಪ್ಲಾಸ್ಟಿಕ್ಕಿನವಾದರೆ ಲೋಹದವನ್ನು ಹಾಕಿ. ಪ್ಲಾಸ್ಟಿಕ್ ಚಕ್ರದ ಮೇಲೆ ಹಳಿಯ ಕೊಳೆ ಬೇಗ ಗಟ್ಟಿ ಪದರವಾಗಿ ಕೂರುತ್ತದೆ. ಆಮೇಲೆ ಕಾರು ಕುಣಿಯುತ್ತದೆ, ಆ ಕೊಳೆ ಮತ್ತೆ ಹಳಿಯುದ್ದಕ್ಕೂ ಹರಡುತ್ತದೆ. ಲೋಹದ ಚಕ್ರ ಕಾರಿನ ತೂಕವನ್ನು ಕೆಳಗೇ ಹಿಡಿದಿಡುತ್ತದೆ ಎಂಬುದು ಇನ್ನೊಂದು ಲಾಭ.

ಗಾತ್ರ ಸರಿಯಾಗಿರಲಿ. 40, 50, 70 ಟನ್‌ನ ಕಾರುಗಳಿಗೆ 33 ಇಂಚಿನ ಚಕ್ರ, ಅಂದರೆ ಮಾದರಿಯಲ್ಲಿ 9.6 ಮಿ.ಮೀ. ವ್ಯಾಸ. 100 ಟನ್‌ನ ಕಾರುಗಳಿಗೆ 36 ಇಂಚು, ಅಂದರೆ 10.5 ಮಿ.ಮೀ. ಇದನ್ನು ಅದಲುಬದಲು ಮಾಡಿದರೆ ಕಪ್ಲರಿನ, ಅಂದರೆ ಕಾರುಗಳನ್ನು ಒಂದಕ್ಕೊಂದು ಜೋಡಿಸುವ ಕೊಂಡಿಯ, ಎತ್ತರವೂ ಕೆಡುತ್ತದೆ. ಚಕ್ರದ ಪಟ್ಟಿಯ ಅಗಲದಲ್ಲಿ ಎರಡು ಬಗೆ: 0.110 ಇಂಚಿನದು ಮತ್ತು ಇನ್ನೂ ತೆಳುವಾದ 0.088 ಇಂಚಿನದು. ತೆಳುವಾದದ್ದು ಕೊನೆಯಿಂದ ನೋಡಿದಾಗ ಬಹಳ ಚೆನ್ನ. ಆದರೆ ಕವಲಿನ ನಡುವಿನ ಸಂದು ಅಗಲವಾಗಿದ್ದರೆ ಅದರೊಳಕ್ಕೆ ಇಳಿದು ಜಿಗಿಯುತ್ತದೆ. ಹಳಿ ಅಚ್ಚುಕಟ್ಟಾಗಿದ್ದರೆ ಮಾತ್ರ ಅದಕ್ಕೆ ಕೈಹಾಕಿ.

ಎನ್‌ಎಂಆರ್‌ಎ ಎಂಬುದು 1935ರಲ್ಲಿ ಹುಟ್ಟಿದ ಅಮೆರಿಕದ ಮಾದರಿ ರೈಲು ಸಂಘ. ಅದರ ಲೋಹದ ಅಳತೆಪಟ್ಟಿ ಪ್ರತಿ ಹವ್ಯಾಸಿಯ ಬಳಿ ಇರಬೇಕು. ಎರಡು ಚಕ್ರಗಳ ಚಾಚುಪಟ್ಟಿಗಳೂ ಆ ಪಟ್ಟಿಯ ಕಚ್ಚುಗಳಲ್ಲಿ ಸಲೀಸಾಗಿ ಕೂರಬೇಕು. ಚಕ್ರಗಳು ಹತ್ತಿರ ಸರಿದಿದ್ದರೆ ಕವಲಿನ ಕಾವಲು ಹಳಿಗೆ ಸಿಕ್ಕಿ ಏರುತ್ತವೆ, ದೂರ ಸರಿದಿದ್ದರೆ ನೇರ ಹಳಿಯಲ್ಲೇ ಬಿಗಿಯುತ್ತವೆ. ಸರಿಪಡಿಸಲು ಚಕ್ರವನ್ನು ಅಚ್ಚಿನ ಮೇಲೆ ತಿರುಗಿಸುತ್ತಾ ಸರಿಸಿ. ನೇರವಾಗಿ ಎಳೆದರೆ ಚಕ್ರ ಓರೆಯಾಗಿ ಕುಳಿತು ತೂಗಾಡುತ್ತದೆ.

ಅಚ್ಚಿನ ತುದಿಗಳು ಸೂಜಿಯಂತೆ ಮೊನಚು. ಟ್ರಕ್ಕಿನ ಒಳಗೆ ಅವಕ್ಕೆ ಶಂಕುವಿನಾಕಾರದ ಗುಳಿಗಳಿವೆ. ಸಾಮಾನ್ಯ ಅಚ್ಚಿನ ಉದ್ದ 1.015 ಇಂಚು, ಅಂದರೆ ಸುಮಾರು 25.8 ಮಿ.ಮೀ. ಗುಳಿಯಲ್ಲಿ ಎರಕದ ಚೂರುಪಾರು ಉಳಿದಿದ್ದರೆ ಎಂಥ ಒಳ್ಳೆಯ ಚಕ್ರವೂ ಉರುಳದು. ಇದಕ್ಕೆಂದೇ 60 ಡಿಗ್ರಿ ಕೋನದ ಎರಡು ತುದಿಯ ಕೊರೆಯುಳಿ ಸಿಗುತ್ತದೆ. ಟ್ರಕ್ಕಿನೊಳಗೆ ಅದನ್ನಿಟ್ಟು ಎರಡು ಮೂರು ಸುತ್ತು ಮಾತ್ರ ತಿರುಗಿಸಿ. ಹೆಚ್ಚು ಕೊರೆದರೆ ಗುಳಿ ಆಳವಾಗಿ ಅಚ್ಚು ಅತ್ತಿತ್ತ ಜೋಲಾಡುತ್ತದೆ, ಕಾರು ತಗ್ಗುತ್ತದೆ. ಮತ್ತೆ ತುಂಬಲು ಬಾರದು, ಟ್ರಕ್ಕನ್ನೇ ಬಿಸಾಡಬೇಕು. ಎಣ್ಣೆ ಹಾಕಬೇಡಿ. ಅದು ದೂಳು ಹಿಡಿದು ಅಂಟಾಗುತ್ತದೆ. ತೀರಾ ಬೇಕೆಂದರೆ ಒಣ ಗ್ರಾಫೈಟ್ ಪುಡಿ ಚಿಟಿಕೆಯಷ್ಟು.

ಪರೀಕ್ಷೆ ಸರಳ. ಒಂದು ಮೀಟರ್ ಹಳಿಯ ಒಂದು ತುದಿಯನ್ನು 2 ಸೆಂ.ಮೀ. ಎತ್ತಿಡಿ. ಕೈಬಿಟ್ಟ ಕಾರು ತಾನಾಗಿ ಉರುಳಬೇಕು. ಕದಲದಿದ್ದರೆ ಒಂದೊಂದೇ ಅಚ್ಚನ್ನು ಉಗುರಿನಿಂದ ತಿರುಗಿಸಿ ನೋಡಿ, ಬೇಗ ನಿಲ್ಲುವುದೇ ತಪ್ಪಿತಸ್ಥ.

ಈಗ ಟ್ರಕ್ಕುಗಳ ತಿರುಪು. ಒಂದನ್ನು ಬಿಗಿಮಾಡಿ ಕಾಲು ಸುತ್ತು ಸಡಿಲಿಸಿ. ಅದು ಎಡಬಲಕ್ಕೆ ಸಲೀಸಾಗಿ ತಿರುಗಬೇಕು, ಆದರೆ ಓಲಾಡಬಾರದು. ಇನ್ನೊಂದನ್ನು ಇನ್ನೂ ಅರ್ಧ ಸುತ್ತು ಹೆಚ್ಚು ಸಡಿಲಿಸಿ, ಅದು ತಿರುಗಲೂ ಬೇಕು, ಓಲಾಡಲೂ ಬೇಕು. ಎರಡನ್ನೂ ಬಿಗಿದರೆ ಹಳಿ ಕೊಂಚ ತಿರುಚಿದ್ದಲ್ಲಿ ಒಂದು ಚಕ್ರ ಗಾಳಿಯಲ್ಲಿ ನಿಲ್ಲುತ್ತದೆ. ಎರಡನ್ನೂ ಸಡಿಲಿಸಿದರೆ ಕಾರು ಹಾಯಿದೋಣಿಯಂತೆ ವಾಲಾಡುತ್ತಾ ಸಾಗುತ್ತದೆ. ಒಂದು ಬಿಗಿ, ಒಂದು ಸಡಿಲ ಎಂದಾದರೆ ಮುಕ್ಕಾಲಿಯಂತೆ ಮೂರು ಬಿಂದುಗಳ ಮೇಲೆ ಕಾರು ಕೂರುತ್ತದೆ. ಇಷ್ಟು ಅಗ್ಗದ, ಇಷ್ಟು ಫಲ ಕೊಡುವ ದುರಸ್ತಿ ಇಡೀ ಹವ್ಯಾಸದಲ್ಲಿ ಬೇರೆ ಇಲ್ಲ. ಕೈಬ್ರೇಕ್ ಇರುವ ತುದಿಯ ಟ್ರಕ್ಕನ್ನೇ ಯಾವಾಗಲೂ ಬಿಗಿಯಾಗಿಡುವುದು ಎಂಬ ಕಟ್ಟಳೆ ಮಾಡಿಕೊಂಡರೆ ಆಮೇಲೆ ಹುಡುಕುವ ಕೆಲಸವಿರದು.

ತೂಕ

ಎನ್‌ಎಂಆರ್‌ಎಯ ಶಿಫಾರಸು ಆರ್‌ಪಿ-20.1 ಹೀಗೆ ಹೇಳುತ್ತದೆ: ಎಚ್‌ಓದಲ್ಲಿ ಮೂಲ ತೂಕ 1 ಔನ್ಸ್, ಅದಕ್ಕೆ ಕಾರಿನ ಪ್ರತಿ ಇಂಚು ಉದ್ದಕ್ಕೆ ಅರ್ಧ ಔನ್ಸ್. ಮೆಟ್ರಿಕ್‌ನಲ್ಲಿ 28.4 ಗ್ರಾಂ, ಜೊತೆಗೆ ಪ್ರತಿ ಸೆಂ.ಮೀ.ಗೆ 5.6 ಗ್ರಾಂ. 40 ಅಡಿಯ ಕಾರಿನ ಮಾದರಿ ಸುಮಾರು 14.6 ಸೆಂ.ಮೀ. ಉದ್ದ, ಅದಕ್ಕೆ ಸುಮಾರು 110 ಗ್ರಾಂ ಬೇಕು. 50 ಅಡಿಯದು ಸುಮಾರು 18.2 ಸೆಂ.ಮೀ., 130 ಗ್ರಾಂ. ಎನ್ ಮಾದರಿಯಲ್ಲಿ ಮೂಲ ತೂಕ ಅರ್ಧ ಔನ್ಸ್, ಇಂಚಿಗೆ 0.15 ಔನ್ಸ್. ಅದರ 40 ಅಡಿಯ ಕಾರಿಗೆ 28 ಗ್ರಾಂ ಸಾಕು.

ಕಾರನ್ನು ಟ್ರಕ್ಕು, ಕಪ್ಲರುಗಳ ಸಮೇತ ಅಡುಗೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಕೊರತೆ ಎಷ್ಟಿದೆಯೋ ಅಷ್ಟನ್ನು ನೆಲದ ಮೇಲೆ ಸಮವಾಗಿ ಹರಡಿ. 1.5 ಮಿ.ಮೀ. ದಪ್ಪ, 25 ಮಿ.ಮೀ. ಅಗಲ, 120 ಮಿ.ಮೀ. ಉದ್ದದ ಉಕ್ಕಿನ ಪಟ್ಟಿ ಸುಮಾರು 35 ಗ್ರಾಂ ತೂಗುತ್ತದೆ, 40 ಅಡಿಯ ಕಾರಿನೊಳಗೆ ಸುಮ್ಮನೆ ಕೂರುತ್ತದೆ. ಆದರೆ ಉಕ್ಕನ್ನು ಅಯಸ್ಕಾಂತ ಎಳೆಯುತ್ತದೆ. ಹಳಿಯ ನಡುವೆ ಅಯಸ್ಕಾಂತವಿಟ್ಟು ಕಪ್ಲರ್ ಬಿಡಿಸುವ ಪದ್ಧತಿ ನಿಮ್ಮದಾದರೆ, ಸಲೀಸಾಗಿ ಉರುಳುವ ಕಾರು ಅದರ ಮೇಲೆ ಬಂದಾಗ ತಾನಾಗಿ ಮುಂದಕ್ಕೆ ಸರಿಯಬಹುದು. ಅಲ್ಲಿ ಸೀಸ ಅಥವಾ ಟಂಗ್‌ಸ್ಟನ್ ಅಂಟುಜೇಡಿ ಒಳ್ಳೆಯದು. ಟಂಗ್‌ಸ್ಟನ್ ಉಕ್ಕಿಗಿಂತ ಎರಡೂವರೆ ಪಟ್ಟು ಸಾಂದ್ರ ಲೋಹ, ಆದ್ದರಿಂದ ಬಾಗಿಲು ತೆರೆದಿಡುವ ಕಾರಿಗೆ ಅದನ್ನೇ ಬಳಸಿ. ಅಡಿಯ ಚೌಕಟ್ಟಿನ ಸಂದಿನಲ್ಲಿ ಅಡಗಿಸಬಹುದು.

ಸೀಸವನ್ನು ಬಿಳಿ ಅಂಟಿನಿಂದ, ಅಂದರೆ ಪಿವಿಎಯಿಂದ, ಎಂದಿಗೂ ಅಂಟಿಸಬೇಡಿ. ಆ ಅಂಟಿನಿಂದ ಹೊಮ್ಮುವ ಅಸಿಟಿಕ್ ಆಮ್ಲ ಸೀಸವನ್ನು ನಿಧಾನವಾಗಿ ಬಿಳಿಪುಡಿಯಾಗಿಸುತ್ತದೆ. ಪುಡಿ ಉಬ್ಬಿ ಕೆಲವು ವರ್ಷಗಳಲ್ಲಿ ಕಾರಿನ ಗೋಡೆಯನ್ನೇ ಸೀಳುತ್ತದೆ. ಎಪಾಕ್ಸಿ ಹಚ್ಚಿ. ಸೀಸ ಮುಟ್ಟಿದ ಕೈ ತೊಳೆಯಿರಿ.

ಕಪ್ಲರ್

ಕೇಡೀ ಕಂಪನಿಯ ಲೋಹದ ಕಪ್ಲರ್ ಈ ಹವ್ಯಾಸದ ಸರ್ವಸಮ್ಮತ ಅಳತೆ. ಹಳೆಯ ನಂ. 5, ಅದೇ ತಲೆಗೆ ಸಣ್ಣ ಮೀಸೆಯಂಥ ಸ್ಪ್ರಿಂಗ್ ಇರುವ ನಂ. 148, ನಿಜವಾದದ್ದರ ಗಾತ್ರಕ್ಕೆ ಹತ್ತಿರದ ಸಣ್ಣ ತಲೆಯ ನಂ. 158. ನೋಟಕ್ಕೆ 158 ಮೇಲು. ಆದರೆ ಸಣ್ಣ ತಲೆ ಅಂದರೆ ಎತ್ತರದ ತಪ್ಪನ್ನು ಸಹಿಸುವ ಶಕ್ತಿ ಕಡಿಮೆ. ಹಳಿ ಏರಿಳಿಯುವಲ್ಲಿ ರೈಲು ಬಿಟ್ಟುಕೊಳ್ಳುತ್ತದೆ.

ಹಳಿಯ ಮೇಲ್ಮೈಯಿಂದ ಕಪ್ಲರಿನ ನಡುಮಟ್ಟಕ್ಕೆ 25/64 ಇಂಚು, ಸುಮಾರು 9.9 ಮಿ.ಮೀ. ಇರಬೇಕು. ನಂ. 205 ಅಳತೆಕಟ್ಟೆಯನ್ನು ಹಳಿಯ ಮೇಲಿಟ್ಟು ಕಾರನ್ನು ತಂದು ತಾಗಿಸಿದರೆ ತಲೆಗಳು ಸಮವೋ ಅಲ್ಲವೋ ಕಾಣುತ್ತದೆ. ತಗ್ಗಾಗಿದ್ದರೆ ಟ್ರಕ್ಕು ಮತ್ತು ಕಾರಿನ ನಡುವೆ ತೆಳು ಫೈಬರ್ ಬಿಲ್ಲೆ ಸೇರಿಸಿ. 0.010 ಮತ್ತು 0.015 ಇಂಚಿನವು ಸಿಗುತ್ತವೆ. ಎತ್ತರವಾಗಿದ್ದರೆ ಟ್ರಕ್ ಕೂರುವ ದಿಂಡನ್ನು ಅರದಿಂದ ಸಮತಟ್ಟಾಗಿ ಉಜ್ಜಿ. ಓರೆಯಾಗಿ ಉಜ್ಜಿದರೆ ಕಾರೇ ವಾಲುತ್ತದೆ. ಚಕ್ರ ಬದಲಿಸಿದ ಮೇಲೆ, ತೂಕ ಸೇರಿಸಿದ ಮೇಲೆ ಮಾತ್ರ ಈ ಅಳತೆ ಮಾಡಬೇಕು.

ಕಪ್ಲರಿನಿಂದ ಕೆಳಗೆ ಬಾಗಿದ ತಂತಿಯ ತುದಿ ಹಳಿಯ ಮಟ್ಟದಿಂದ ಸುಮಾರು 0.8 ಮಿ.ಮೀ. ಮೇಲಿರಲಿ. ಅದಕ್ಕಿಂತ ತಗ್ಗಿದರೆ ಕವಲಿನಲ್ಲಿ ತಡವಿ ಕಾರನ್ನು ಎತ್ತಿ ಹಾಕುತ್ತದೆ. ಬಗ್ಗಿಸಲು ನಂ. 237 ಇಕ್ಕಳ ಇದೆ. ಸಾಮಾನ್ಯ ಇಕ್ಕಳದಿಂದ ತಿರುಚಿದರೆ ತಂತಿ ಸಡಿಲಾಗಿ ಬೀಳುತ್ತದೆ.

ಕೆಲವು ಹಳೆಯ ಕಿಟ್‌ಗಳಲ್ಲಿ ಕಪ್ಲರ್ ಪೆಟ್ಟಿಗೆಯ ಮುಚ್ಚಳ ಒತ್ತಿ ಕೂರಿಸುವ ತಗಡು. ಉದ್ದನೆಯ ರೈಲಿನ ಎಳೆತಕ್ಕೆ ಅದು ಕಳಚಿ ಬೀಳುತ್ತದೆ. ಅಲ್ಲಿ 1.78 ಮಿ.ಮೀ. ತೂತು ಕೊರೆದು, 2-56 ಅಳತೆಯ ತಿರುಪಿನ ಸುರುಳಿಗೆರೆ ಕೆತ್ತಿ, ಅದೇ ಅಳತೆಯ ತಿರುಪು ಹಾಕಿ. ತಿರುಪು ಬಿಗಿದಾಗ ಕಪ್ಲರ್ ಸಿಕ್ಕಿಕೊಂಡರೆ ಪೆಟ್ಟಿಗೆಯ ಒಳಗೆ ಪ್ಲಾಸ್ಟಿಕ್ಕಿನ ಏಣು ಉಳಿದಿದೆ ಎಂದರ್ಥ. ಕೆರೆದು ತೆಗೆದು ಗ್ರಾಫೈಟ್ ಉದುರಿಸಿ. ಕೈಯಿಂದ ಬದಿಗೆ ತಳ್ಳಿ ಬಿಟ್ಟರೆ ಕಪ್ಲರ್ ತಾನಾಗಿ ನಡುವಿಗೆ ಮರಳಬೇಕು.

ಹಿಡಿಕೆ, ಮೆಟ್ಟಿಲು

ಗೋಡೆಯಲ್ಲೇ ಅಚ್ಚಾದ ಹಿಡಿಕೆಗಳಿರುವ ಅಗ್ಗದ ಕಿಟ್ ಕೀಳೇನಲ್ಲ. ಅಕ್ಯೂರೈಲ್ ಕಂಪನಿಯ ಕಾರುಗಳು ಹೀಗೇ ಇವೆ. ಚೆನ್ನಾಗಿ ಬಣ್ಣ ಹಾಕಿದರೆ ಎರಡಡಿ ದೂರದಿಂದ ಯಾರಿಗೂ ತಿಳಿಯದು. ಹತ್ತಿರದ ನೋಟ ಬೇಕೆಂದರೆ ಉಳಿಯಂಥ ಅಲಗಿನಿಂದ ಅವನ್ನು ತೆಳ್ಳಗೆ ಹೆರೆದು, 80ನೇ ನಂಬರಿನ ಬೈರಿಗೆಯಿಂದ 0.34 ಮಿ.ಮೀ. ತೂತು ಮಾಡಿ, 0.3 ಮಿ.ಮೀ. ತಂತಿಯ ಹಿಡಿಕೆ ಕೂರಿಸಿ. ಹೆರೆಯುವ ಮೊದಲೇ ತೂತಿನ ಗುರುತು ಮಾಡಿಕೊಳ್ಳಿ. ಆಮೇಲೆ ಜಾಗ ಸಿಗದು. ಪ್ರತಿ ಹಿಡಿಕೆಯ ಹಿಂದೆ ಒಂದೇ ದಪ್ಪದ ರಟ್ಟಿನ ಚೂರಿಟ್ಟು ಅಂಟಿಸಿದರೆ ಎಲ್ಲವೂ ಒಂದೇ ಅಳತೆಗೆ ಹೊರಚಾಚುತ್ತವೆ. ತುದಿಯ ಪ್ಲಾಸ್ಟಿಕ್ ಮೆಟ್ಟಿಲುಗಳು ಮೊದಲು ಮುರಿಯುವ ಭಾಗ, ಲೋಹದವನ್ನು ಹಾಕಿ. ಇದೆಲ್ಲ ಬೇಡವೆಂದರೆ ಇಂಟರ್‌ಮೌಂಟನ್‌ನ 1937ರ ಎಎಆರ್ ಕಾರು, ಕೇಡೀಯದೇ ಪಿಎಸ್-1 ಬಿಡಿ ಹಿಡಿಕೆಗಳೊಂದಿಗೇ ಬರುತ್ತವೆ. ಟ್ಯಾಂಜೆಂಟ್‌ನಂಥ ಕಂಪನಿಗಳ ಈಚಿನ ಕಾರುಗಳಲ್ಲಿ ಅಡಿಯ ಬ್ರೇಕ್ ಕೊಳವೆಗಳೂ ಪೂರ್ತಿ ಇರುತ್ತವೆ.

ಬಿಸಿಲು, ಮಳೆ, ತುಕ್ಕು

ಇಲ್ಲಿ ನಿಧಾನವೇ ಬಂಡವಾಳ. ನಿಮ್ಮ ಕಾರಿನ ನಿಜವಾದ ಫೋಟೋವೊಂದನ್ನು ಮುಂದಿಟ್ಟುಕೊಳ್ಳಿ. ನೆನಪಿನಿಂದ ಹಚ್ಚಿದ ತುಕ್ಕು ಎಲ್ಲ ಕಾರುಗಳಲ್ಲೂ ಒಂದೇ ಥರ ಬರುತ್ತದೆ. ನಿಜದ ರೈಲಿನಲ್ಲಿ ಮೊನ್ನೆ ಬಣ್ಣ ಕಂಡ ಕಾರಿನ ಪಕ್ಕ ಹದಿನೈದು ವರ್ಷ ಬಿಸಿಲುಂಡ ಕಾರು ಇರುತ್ತದೆ.

ಮೊದಲು ಟ್ರಕ್ಕು, ಕಪ್ಲರು ಕಳಚಿ. ಕಾರನ್ನು ಸೋಪುನೀರಿನಲ್ಲಿ ತೊಳೆದು ಒಣಗಿಸಿ, ಮಂಕು ವಾರ್ನಿಷ್‌ನ ತೆಳು ಹೊದಿಕೆ ಕೊಡಿ. ಹೊಳೆಯುವ ಪ್ಲಾಸ್ಟಿಕ್ ಮೇಲೆ ಪುಡಿಯೂ ನಿಲ್ಲದು, ತೆಳುಬಣ್ಣವೂ ಹನಿಗಟ್ಟುತ್ತದೆ.

ನಂತರ ಮಾಸಲು. ಬಿಳಿ ತೈಲವರ್ಣದ ಸಾಸಿವೆ ಗಾತ್ರದ ಐದಾರು ಚುಕ್ಕೆಗಳನ್ನು ಒಂದು ಬದಿಯ ಮೇಲಿಟ್ಟು, ವಾಸನೆಯಿಲ್ಲದ ಮಿನರಲ್ ಸ್ಪಿರಿಟ್‌ನಲ್ಲಿ ಅದ್ದಿ ಬಟ್ಟೆಗೆ ಒರೆಸಿದ ಚಪ್ಪಟೆ ಕುಂಚದಿಂದ ಮೇಲಿನಿಂದ ಕೆಳಕ್ಕೆ ಎಳೆಯಿರಿ. ಅಡ್ಡಡ್ಡ ಎಳೆಯಬೇಡಿ, ಮಳೆ ಅಡ್ಡ ಹರಿಯುವುದಿಲ್ಲ. ಬಣ್ಣ ಕಾಣೆಯಾಗಿ ಬರೀ ತೆಳು ಮಬ್ಬು ಉಳಿಯುವವರೆಗೆ ಎಳೆಯುತ್ತಿರಿ. ಬಾಕ್ಸ್‌ಕಾರ್ ಕೆಂಪು ಬಹುಪಾಲು ಕಬ್ಬಿಣದ ಆಕ್ಸೈಡ್. ಅಗ್ಗ, ಬಿಸಿಲಿಗೂ ತಡೆಯುತ್ತದೆ. ಹಾಗಾಗಿ ಕೆಂಪು ಕಾರು ಹೆಚ್ಚು ಬೆಳ್ಳಗಾಗುವುದಿಲ್ಲ, ಮಂಕಾಗುತ್ತದೆ. ಬಿಳಿ ಅಕ್ಷರಗಳು ಪುಡಿಯಾಗಿ ಮಳೆಯೊಂದಿಗೆ ಕೆಳಗೆ ಇಳಿದಿರುತ್ತವೆ. ಪ್ರತಿ ದೊಡ್ಡ ಅಕ್ಷರದ ಬುಡದಲ್ಲಿ ಬಿಳಿಯ ಅತಿ ಚಿಕ್ಕ ಚುಕ್ಕೆ ಇಟ್ಟು ಅರ್ಧ ಸೆಂ.ಮೀ. ಕೆಳಗೆಳೆದರೆ ಆ ಭಾವ ಬರುತ್ತದೆ. ತೈಲವರ್ಣ ಒಣಗಲು ಎರಡು ಮೂರು ದಿನ ಬಿಡಿ.

ಸಂದುಗೊಂದುಗಳ ಕೊಳೆಗೆ 100 ಮಿ.ಲೀ. ಐಸೊಪ್ರೊಪೈಲ್ ಆಲ್ಕೋಹಾಲಿಗೆ 1ರಿಂದ 2 ಮಿ.ಲೀ. ಇಂಡಿಯಾ ಇಂಕ್ ಬೆರೆಸಿದ ದ್ರಾವಣ ಚೆನ್ನ. ಒಂದು ಎಚ್ಚರ: ಡಲ್‌ಕೋಟ್ ಎಂಬ ಲ್ಯಾಕರ್ ಮೂಲದ ಮಂಕು ವಾರ್ನಿಷ್ ಹೊದಿಕೆಯ ಮೇಲೆ ಆಲ್ಕೋಹಾಲ್ ಬಿದ್ದರೆ ಬಿಳಿ ಮಂಜು ಮೂಡುತ್ತದೆ. ಅದು ಬೇಡವಾದರೆ ಆಲ್ಕೋಹಾಲ್ ಕೆಲಸವನ್ನು ಹೊದಿಕೆಗೆ ಮೊದಲೇ ಮುಗಿಸಿ. ಆಗಿಹೋಗಿದ್ದರೆ ಗಾಬರಿ ಬೇಡ, ಮತ್ತೊಂದು ತೆಳು ಹೊದಿಕೆ ಕೊಟ್ಟರೆ ಮಂಜು ಹೆಚ್ಚುಕಡಿಮೆ ಮಾಯವಾಗುತ್ತದೆ. ಇದೇ ಮಂಜನ್ನು ಬೇಕೆಂದೇ ಬಳಸಿ ಮಾಸಲು ತರುವವರೂ ಇದ್ದಾರೆ.

ಸೂರು ಬದಿಗೋಡೆಗಿಂತ ಬೇರೆ ರೀತಿ ಹಳತಾಗುತ್ತದೆ. ಸತುವು ಲೇಪಿಸಿದ ತಗಡಿಗೆ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ, ಹಕ್ಕಳೆಯೆದ್ದು ಉದುರಿ ಬೂದುಲೋಹ ಕಾಣುತ್ತದೆ. ಸೂರಿಗೆ ಮೊದಲು ಮಂಕುಬೆಳ್ಳಿ ಬಣ್ಣ, ಅದರ ಮೇಲೆ ಸ್ಪಂಜಿನ ಚೂರಿನಿಂದ ಕಾರಿನ ಬಣ್ಣವನ್ನು ತೇಪೆತೇಪೆಯಾಗಿ ಒತ್ತಿ. ತುಕ್ಕಿಗೆ ಬರ್ನ್ಟ್ ಸಿಯೆನ್ನಾ ಮತ್ತು ರಾ ಅಂಬರ್. ತುಕ್ಕಿನ ನಡು ಗಾಢ, ಅಂಚು ತಿಳಿ ಇರಲಿ. ಬಾಗಿಲು ಸರಿಯುವ ಕಂಬಿಯ ಕೆಳಗೆ, ರಿವೆಟ್‌ಗಳ ಬುಡದಲ್ಲಿ, ಫೋರ್ಕ್‌ಲಿಫ್ಟ್ ತಾಗುವ ಬಾಗಿಲಿನ ಅಂಚಿನಲ್ಲಿ ಅದು ಹುಟ್ಟುತ್ತದೆ. ಗೋಡೆಯ ನಡುಮಧ್ಯೆ ಕಾರಣವಿಲ್ಲದೆ ಹುಟ್ಟುವುದಿಲ್ಲ.

ತುದಿಗೋಡೆಗಳ ಮೇಲೆ ಚಕ್ರ ಎರಚಿದ ಕೆಸರು ನೇರಕ್ಕೆ ಎರಡು ಪಟ್ಟೆಯಾಗಿ ಏರುತ್ತದೆ. ಕಂದು ಪುಡಿಬಣ್ಣವನ್ನು ಒಣ ಕುಂಚದಿಂದ ಕೆಳಗಿನಿಂದ ಮೇಲಕ್ಕೆ ತೆಳುವಾಗುವಂತೆ ಹಚ್ಚಿ. ಚಕ್ರದ ಮುಖಕ್ಕೂ ಬಣ್ಣ ಬೇಕು. ಎಣ್ಣೆಪೆಟ್ಟಿಗೆಯ ಹಳೆಯ ಬೇರಿಂಗ್ ಇರುವ ಕಾಲದ ಕಾರಾದರೆ ಎಣ್ಣೆ ಚಿಮ್ಮಿ ಚಕ್ರ ಜಿಡ್ಡುಗಪ್ಪು. ರೋಲರ್ ಬೇರಿಂಗ್ ಕಾಲದ್ದಾದರೆ ಒಣ ತುಕ್ಕುಬಣ್ಣ. ಇವೆರಡನ್ನೂ ಅದಲುಬದಲು ಮಾಡಿದ ಮಾದರಿಗಳು ಎಷ್ಟೋ ಇವೆ. ಹಳಿಗೆ ತಾಗುವ ಪಟ್ಟಿ ಮತ್ತು ಅಚ್ಚಿನ ಮೊನೆಗೆ ಬಣ್ಣ ಬೀಳದಿರಲಿ.

ಇನ್ನು ಮರುತೂಕದ ತೇಪೆ. ಹಳೆಯ ತೂಕ, ದಿನಾಂಕದ ಮೇಲೆ ಮಾಸದ ಹೊಸ ಕಾರುಬಣ್ಣದಲ್ಲಿ ಸಣ್ಣ ಆಯತ ಬಳಿಯಿರಿ. ಅದರ ಮೇಲೆ ಹೊಳಪು ವಾರ್ನಿಷ್, ಆಮೇಲೆ ಡೆಕಾಲ್ ಅಂಕಿಗಳು, ಅಂದರೆ ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಅಚ್ಚುಚಿತ್ರಗಳು. ಮಂಕು ಮೇಲ್ಮೈಗೆ ನೇರವಾಗಿ ಡೆಕಾಲ್ ಹಚ್ಚಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಿಯಂತೆ ಹೊಳೆಯುತ್ತದೆ. ಸೂಜಿಯಿಂದ ಚುಚ್ಚಿ, ಡೆಕಾಲನ್ನು ಮೆತ್ತಗಾಗಿಸುವ ಮೈಕ್ರೋ ಸಾಲ್ ದ್ರಾವಣ ಹನಿಸಿದರೆ ಕೂರುತ್ತದೆ. ಮಾಸಿದ ಗೋಡೆಯ ನಡುವೆ ಈ ತಾಜಾ ಚೌಕ ಕಂಡಾಗ ಕಾರಿಗೆ ಒಂದು ಬದುಕು ಇತ್ತು ಎಂದು ನಂಬಿಕೆ ಬರುತ್ತದೆ. ಈ ಇಡೀ ಬರಹದಲ್ಲಿ ಒಂದನ್ನಷ್ಟೇ ಮಾಡುವುದಾದರೆ ಇದನ್ನು ಮಾಡಿ ಎನ್ನುವಷ್ಟು ಇದು ಚೆಂದ.

ಪುಡಿಬಣ್ಣದ ಮೇಲೆ ಕೊನೆಯ ಮಂಕು ಹೊದಿಕೆ ಕೊಟ್ಟಾಗ ಅರ್ಧದಷ್ಟು ಪರಿಣಾಮ ಮಾಯವಾಗುತ್ತದೆ. ಆದ್ದರಿಂದ ಸ್ವಲ್ಪ ಹೆಚ್ಚೇ ಹಚ್ಚಿ, ದೂರದಿಂದ ತೆಳ್ಳಗೆ ಸಿಂಪಡಿಸಿ. ತೇವದ ಹವೆಯ ದಿನ ಸಿಂಪಡಿಸಿದರೆ ಅದೂ ಬೆಳ್ಳಗಾಗುತ್ತದೆ.

ತೋರಿಸುವಾಗ

ಫೋಟೋವನ್ನು ಮೇಲಿನಿಂದ ತೆಗೆಯಬೇಡಿ. ಹಳಿಯ ಪಕ್ಕ ನಿಂತ ಮನುಷ್ಯನ ಕಣ್ಣು ಐದೂವರೆ ಅಡಿ ಎತ್ತರದಲ್ಲಿದ್ದರೆ ಮಾದರಿಯಲ್ಲಿ ಅದು 19 ಮಿ.ಮೀ. ಲೆನ್ಸನ್ನು ಅಷ್ಟಕ್ಕೆ ಇಳಿಸಿ. ಬೆಳಕು ಒಂದೇ ಕಡೆಯಿಂದ ಬರಲಿ, ಸೂರ್ಯ ಒಬ್ಬನೇ. ಒಂದು ಚಿತ್ರ ನೇರ ಬದಿಯಿಂದ, ಒಂದು ಕೈಬ್ರೇಕ್ ತುದಿ ಕಾಣುವ ಓರೆ ಕೋನದಿಂದ, ಒಂದು ಸೂರಿನದು. ಜೊತೆಗೆ ಬರೆಯಬೇಕಾದ್ದು: ರೈಲ್ವೆಯ ಹೆಸರು, ಕಾರಿನ ಸಂಖ್ಯೆ, ನಿಜದ ಕಾರನ್ನು ಕಟ್ಟಿದ ಕಂಪನಿ ಮತ್ತು ವರ್ಷ, ಮಾದರಿ ಯಾರದು, ಬದಲಿಸಿದ ಭಾಗಗಳು, ಬಣ್ಣಗಳ ಹೆಸರು, ನೀವು ಹಿಡಿದ ಇಸವಿ. ಬರೀ ಚಿತ್ರ ನೋಡಿದವರು ಮೆಚ್ಚುತ್ತಾರೆ, ಈ ವಿವರ ಇದ್ದರೆ ಅವರೂ ಮಾಡುತ್ತಾರೆ.

ಓಡಿಸಿ ನೋಡುವುದು

ಕಾರಿನ ಉದ್ದದ ಮೂರು ಪಟ್ಟು ತ್ರಿಜ್ಯವಾದರೂ ತಿರುವಿಗೆ ಇರಬೇಕು. 40 ಅಡಿಯ ಕಾರಿಗೆ 44 ಸೆಂ.ಮೀ. ಸಾಕಾದ್ದರಿಂದ 45.7 ಸೆಂ.ಮೀ. ತ್ರಿಜ್ಯದ ಸಾಮಾನ್ಯ ಹಳಿಯಲ್ಲಿ ನಡೆಯುತ್ತದೆ. ಅರವತ್ತರ ದಶಕದಲ್ಲಿ ಮೋಟಾರು ಬಿಡಿಭಾಗ ಸಾಗಿಸಲು ಬಂದ 86 ಅಡಿಯ ದೈತ್ಯ ಕಾರಿಗೆ ಮೀಟರಿನ ಹತ್ತಿರ ಬೇಕು. ಎಡಕ್ಕೆ ತಿರುಗಿ ಕೂಡಲೇ ಬಲಕ್ಕೆ ತಿರುಗುವ ಹಳಿಯ ನಡುವೆ ಒಂದು ಕಾರಿನುದ್ದ ನೇರ ಹಳಿ ಇಲ್ಲದಿದ್ದರೆ ಕಪ್ಲರುಗಳು ಪರಸ್ಪರ ಬದಿಗೆ ತಳ್ಳಾಡಿ ಹಗುರ ಕಾರನ್ನು ಹೊರಗೆಸೆಯುತ್ತವೆ.

ಹೊಸದಾಗಿ ಸಜ್ಜಾದ ಕಾರನ್ನು ಎಂಜಿನ್‌ನ ಮುಂದೆ ಇಟ್ಟು ಎಲ್ಲ ಕವಲುಗಳ ಮೇಲೂ ತಳ್ಳಿಸಿ. ಎಳೆದಾಗ ಅಡಗಿರುವ ದೋಷ ತಳ್ಳಿದಾಗ ಹೊರಬೀಳುತ್ತದೆ. ಹಳಿ ತಪ್ಪಿದರೆ ತಪ್ಪಿದ ಜಾಗವನ್ನು ಸೀಮೆಸುಣ್ಣದಿಂದ ಗುರುತಿಸಿ, ಕಾರಿನ ಸಂಖ್ಯೆ ಬರೆದುಕೊಳ್ಳಿ. ಒಂದೇ ಜಾಗದಲ್ಲಿ ಬೇರೆ ಬೇರೆ ಕಾರುಗಳು ತಪ್ಪುತ್ತಿದ್ದರೆ ದೋಷ ಹಳಿಯದು. ಒಂದೇ ಕಾರು ಬೇರೆ ಬೇರೆ ಕಡೆ ತಪ್ಪುತ್ತಿದ್ದರೆ ಕಾರಿನದು. ಆಗ ಚಕ್ರದ ಅಂತರ, ಟ್ರಕ್ಕಿನ ತಿರುಪು, ಕಪ್ಲರಿನ ತಂತಿ, ತೂಕ ಎಂಬ ಅನುಕ್ರಮದಲ್ಲಿ ನೋಡುತ್ತಾ ಹೋಗಿ. ಒಮ್ಮೆಗೆ ಒಂದನ್ನೇ ಬದಲಿಸಿ, ಪ್ರತಿ ಬದಲಾವಣೆಯ ನಂತರ ಅದೇ ಗುರುತಿನ ಮೇಲೆ ಮತ್ತೆ ತಳ್ಳಿಸಿ.